ನೆನಪು ಕೋಲ್ಡ್ ಸ್ಟೋರೇಜ್‌ನಲ್ಲಿಟ್ಟ ಚೀಲವೇ? ಮೆದುಳು ನೆನಪಿಡುವುದು, ಮರೆಯುವುದು, ತಪ್ಪಾಗಿ ನೆನೆಯುವುದು ಹೇಗೆ?

ಪರೀಕ್ಷೆ ಹತ್ತಿರ ಬಂತೆಂದರೆ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಬಗೆಯ ಸಂದೇಶಗಳು ಶುರುವಾಗುತ್ತವೆ. ‘ಮನುಷ್ಯ ತನ್ನ ಮೆದುಳಿನ ಶೇ 10ರಷ್ಟನ್ನು ಮಾತ್ರ ಬಳಸುತ್ತಾನೆ’ ಎಂದು ಒಂದು ಹೇಳಿದರೆ, ‘ಈ ಸೊಪ್ಪು ತಿಂದರೆ ಓದಿದ್ದೆಲ್ಲ ನೆನಪಿರುತ್ತದೆ’ ಎಂದು ಇನ್ನೊಂದು ಹೇಳುತ್ತದೆ. ಮನೆಯಲ್ಲಿ ಅಜ್ಜ ಕೇಳಿದ್ದನ್ನೇ ಎರಡು ಸಲ ಕೇಳಿದರೆ ‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆ ಹೊರಬರುತ್ತದೆ. ಊರಿನಲ್ಲಿ ನಡೆದ ಯಾವುದೋ ಘಟನೆಯ ಬಗ್ಗೆ ವಾದ ಬಿದ್ದರೆ ‘ನಾನೇ ಕಣ್ಣಾರೆ ಕಂಡಿದ್ದೇನೆ, ಸುಳ್ಳು ಹೇಳ್ತೀನಾ?’ ಎಂಬ ಮಾತಿಗೆ ವಾದ ನಿಲ್ಲುತ್ತದೆ.

ಇವೆಲ್ಲ ಬೇರೆ ಬೇರೆ ಮಾತುಗಳಂತೆ ಕಂಡರೂ ಹುಟ್ಟುವುದು ಒಂದೇ ಕಲ್ಪನೆಯಿಂದ. ಅದೇನೆಂದರೆ, ನೆನಪು ಎಂಬುದು ತಲೆಯೊಳಗೆ ಎಲ್ಲೋ ಒಂದು ಕಡೆ ತುಂಬಿಟ್ಟ ಸರಕು ಎಂಬ ಕಲ್ಪನೆ.

ಬ್ಯಾಡಗಿಯ ಕೋಲ್ಡ್ ಸ್ಟೋರೇಜ್‌ಗಳನ್ನು ನೆನೆದುಕೊಳ್ಳಿ. ಬೆಲೆ ಬಾರದಿದ್ದಾಗ ರೈತರು, ವ್ಯಾಪಾರಿಗಳು ಮೆಣಸಿನಕಾಯಿ ಚೀಲಗಳನ್ನು ಅಲ್ಲಿ ಇಡುತ್ತಾರೆ. ತಿಂಗಳುಗಳು ಕಳೆದ ಮೇಲೆ ಹೋಗಿ ರಸೀದಿ ತೋರಿಸಿದರೆ ಅದೇ ಚೀಲ, ಅದರೊಳಗೆ ಅದೇ ಕಾಯಿ ಸಿಗುತ್ತದೆ. ನೆನಪೂ ಹೀಗೇ ಇರುತ್ತದೆ ಎಂದು ನಮ್ಮಲ್ಲಿ ಬಹಳಷ್ಟು ಜನ ಅಂದುಕೊಂಡಿದ್ದೇವೆ. ನೂರಕ್ಕೂ ಹೆಚ್ಚು ವರ್ಷಗಳ ಸಂಶೋಧನೆ ಹೇಳುವುದು ಬೇರೆಯೇ. ನೆನಪು ಒಂದೇ ಜಾಗದಲ್ಲಿ ಇರುವುದಿಲ್ಲ. ಒಂದೇ ಬಗೆಯದೂ ಆಗಿರುವುದಿಲ್ಲ. ನಾವು ನೆನೆದಾಗಲೆಲ್ಲ ಅದನ್ನು ಮೆದುಳು ಹೊಸದಾಗಿ ಕಟ್ಟುತ್ತದೆ. ಇದು ಗೊತ್ತಾದರೆ ಮಕ್ಕಳು ಓದುವ ರೀತಿ, ನಾವು ಫಾರ್ವರ್ಡ್ ನಂಬುವ ರೀತಿ, ಮನೆಯ ಹಿರಿಯರ ಮರೆವನ್ನು ನೋಡುವ ರೀತಿ ಮೂರೂ ಬದಲಾಗಬೇಕಾಗುತ್ತದೆ.

ಒಂದು ಶಸ್ತ್ರಚಿಕಿತ್ಸೆ ಕಲಿಸಿದ ಪಾಠ

1953ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಎಂಬ 27 ವರ್ಷದ ಯುವಕನಿಗೆ ವೈದ್ಯರು ಮೆದುಳಿನ ಶಸ್ತ್ರಚಿಕಿತ್ಸೆ ಮಾಡಿದರು. ಅವನಿಗೆ ತೀವ್ರವಾದ ಮೂರ್ಛೆರೋಗವಿತ್ತು. ಎರಡೂ ಕಿವಿಗಳ ನೇರಕ್ಕೆ, ಮೆದುಳಿನ ಒಳಭಾಗದಲ್ಲಿರುವ ‘ಹಿಪ್ಪೊಕ್ಯಾಂಪಸ್’ ಎಂಬ ಭಾಗದ ಬಹುಪಾಲನ್ನು ತೆಗೆದುಹಾಕಲಾಯಿತು. ಮೂರ್ಛೆ ಬರುವುದು ಕಡಿಮೆಯಾಯಿತು. ಆದರೆ ಅಂದಿನಿಂದ ಅವನಿಗೆ ಹೊಸ ಘಟನೆಗಳು ನೆನಪಿನಲ್ಲಿ ನಿಲ್ಲುವುದೇ ನಿಂತುಹೋಯಿತು. ಬೆಳಿಗ್ಗೆ ಮಾತನಾಡಿಸಿದ ವೈದ್ಯೆ ಮಧ್ಯಾಹ್ನ ಬಂದರೆ ಅವನಿಗೆ ಅಪರಿಚಿತೆ.

ಅಚ್ಚರಿಯ ಸಂಗತಿ ಮುಂದಿದೆ. ಅವನಿಗೆ ಬಾಲ್ಯದ ನೆನಪುಗಳು ಉಳಿದಿದ್ದವು. ಮಾತು, ಬುದ್ಧಿವಂತಿಕೆ ಹಾಗೇ ಇದ್ದವು. ಬ್ರೆಂಡಾ ಮಿಲ್ನರ್ ಎಂಬ ಸಂಶೋಧಕಿ ಅವನಿಗೆ ಕನ್ನಡಿಯಲ್ಲಿ ನೋಡುತ್ತಾ ನಕ್ಷತ್ರದ ಚಿತ್ರ ತಿದ್ದುವ ಕೆಲಸ ಕೊಟ್ಟರು. ದಿನದಿಂದ ದಿನಕ್ಕೆ ಅವನ ಕೈ ಪಳಗಿತು. ಆದರೆ ಪ್ರತಿದಿನವೂ ಅವನಿಗೆ ಅದು ಮೊದಲ ಸಲ ಮಾಡುತ್ತಿರುವ ಕೆಲಸ! ಅಂದರೆ ಅವನ ಕೈ ಕಲಿತದ್ದು ಉಳಿಯಿತು, ಕಲಿತ ಘಟನೆ ಉಳಿಯಲಿಲ್ಲ. ಮೊಲೈಸನ್ 2008ರಲ್ಲಿ ತೀರಿಕೊಳ್ಳುವವರೆಗೂ ವಿಜ್ಞಾನಿಗಳು ಅವನಿಂದ ಕಲಿಯುತ್ತಲೇ ಹೋದರು.

ಇದರಿಂದ ಸ್ಪಷ್ಟವಾದದ್ದು, ನೆನಪಿನಲ್ಲಿ ಹಲವು ಬಗೆಗಳಿವೆ ಎಂಬುದು.

• ಘಟನೆಯ ನೆನಪು: ನಿನ್ನೆ ರಾಣೇಬೆನ್ನೂರಿನ ಬಸ್ ಸ್ಟ್ಯಾಂಡಿನಲ್ಲಿ ಯಾರು ಸಿಕ್ಕರು ಎಂಬಂಥದ್ದು.
• ತಿಳಿವಳಿಕೆಯ ನೆನಪು: ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ ಎಂಬಂಥದ್ದು. ಇದನ್ನು ಎಲ್ಲಿ, ಯಾವಾಗ ಕಲಿತಿರಿ ಎಂಬುದು ಮರೆತಿದ್ದರೂ ವಿಷಯ ಗೊತ್ತಿರುತ್ತದೆ.
• ಕೈಕಸುಬಿನ ನೆನಪು: ಸೈಕಲ್ ಹೊಡೆಯುವುದು, ರೊಟ್ಟಿ ಬಡಿಯುವುದು, ಮೆಣಸಿನಕಾಯಿಯ ತೊಟ್ಟು ಬಿಡಿಸುವುದು. ಇದನ್ನು ಬಾಯಲ್ಲಿ ವಿವರಿಸಲು ಬಾರದಿದ್ದರೂ ಕೈಗೆ ಗೊತ್ತಿರುತ್ತದೆ.

ಮೊದಲ ಎರಡಕ್ಕೆ ಆರಂಭದಲ್ಲಿ ಹಿಪ್ಪೊಕ್ಯಾಂಪಸ್ ಬೇಕು. ಮೂರನೆಯದಕ್ಕೆ ಮೆದುಳಿನ ಬೇರೆ ಭಾಗಗಳಿವೆ. ಹೀಗಾಗಿಯೇ ಮೊಮ್ಮಗನ ಹೆಸರು ಮರೆತ ಅಜ್ಜಿ ಎಷ್ಟೋ ದಿನ ಸಲೀಸಾಗಿ ರೊಟ್ಟಿ ಬಡಿಯಬಲ್ಲಳು. ‘ರೊಟ್ಟಿ ಮಾಡಾಕ ನೆನಪೈತಿ, ನಮ್ಮ ಹೆಸರು ನೆನಪಿಲ್ಲೇನು? ನಾಟಕ ಮಾಡ್ತಾಳ’ ಎಂದು ಬೈಯುವವರು ಈ ವಿಷಯ ಗಮನಿಸಬೇಕು. ಅದು ನಾಟಕವಲ್ಲ. ಎರಡೂ ಬೇರೆ ಬೇರೆ ನೆನಪು.

ನೆನಪು ಹುಟ್ಟುವುದು ಹೇಗೆ?

ನಮ್ಮ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದೊಂದು ನರಕೋಶವೂ ಸಾವಿರಾರು ಬೇರೆ ನರಕೋಶಗಳ ಜೊತೆ ಸಂಪರ್ಕದಲ್ಲಿರುತ್ತದೆ. ಎರಡು ನರಕೋಶಗಳು ಸೇರುವ ಸಣ್ಣ ಸಂಧಿಗೆ ‘ಸಿನಾಪ್ಸ್’ ಎನ್ನುತ್ತಾರೆ. ನೆನಪಿನ ಗುಟ್ಟು ಇರುವುದು ಬಹುಮಟ್ಟಿಗೆ ಈ ಸಂಧಿಗಳಲ್ಲಿ.

ಹೊಲದಲ್ಲಿ ಕಾಲುದಾರಿ ಬೀಳುವುದನ್ನು ನೋಡಿದ್ದೀರಲ್ಲ? ಒಬ್ಬರು ಒಮ್ಮೆ ನಡೆದರೆ ಹುಲ್ಲು ಮತ್ತೆ ಎದ್ದು ನಿಲ್ಲುತ್ತದೆ. ದಿನಾ ನಡೆದರೆ ದಾರಿ ಬೀಳುತ್ತದೆ. ನಡೆಯುವುದು ಬಿಟ್ಟರೆ ಮತ್ತೆ ಹುಲ್ಲು ಮುಚ್ಚುತ್ತದೆ. ನರಕೋಶಗಳ ನಡುವಿನ ಸಂಪರ್ಕವೂ ಹೀಗೇ. ಮತ್ತೆ ಮತ್ತೆ ಒಟ್ಟಿಗೆ ಕೆಲಸ ಮಾಡಿದ ನರಕೋಶಗಳ ನಡುವಿನ ಸಂಧಿ ಬಲಗೊಳ್ಳುತ್ತದೆ. ಎರಿಕ್ ಕ್ಯಾಂಡೆಲ್ ಎಂಬ ವಿಜ್ಞಾನಿ ಇದನ್ನು ಸಮುದ್ರದ ಬಸವನಹುಳುವಿನ ಮೇಲೆ ಪ್ರಯೋಗ ಮಾಡಿ ತೋರಿಸಿದರು. ಅಲ್ಪಕಾಲದ ನೆನಪಿಗೆ ಸಂಧಿಯಲ್ಲಿ ತಾತ್ಕಾಲಿಕ ಬದಲಾವಣೆ ಸಾಕು. ಬಹುಕಾಲದ ನೆನಪಿಗೆ ನರಕೋಶ ಹೊಸ ಪ್ರೋಟೀನ್ ತಯಾರಿಸಿ, ಹೊಸ ಸಂಪರ್ಕಗಳನ್ನೇ ಬೆಳೆಸಬೇಕಾಗುತ್ತದೆ. ಈ ಕೆಲಸಕ್ಕೆ ಅವರಿಗೆ 2000ನೇ ಇಸವಿಯಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ಒಂದು ಅನುಭವ ನೆನಪಾಗಬೇಕಾದರೆ ಮೂರು ಹಂತ ದಾಟಬೇಕು.

ಮೊದಲನೆಯದು ಒಳಗೆ ತೆಗೆದುಕೊಳ್ಳುವುದು. ಇದಕ್ಕೆ ಗಮನ ಬೇಕು. ಮೊಬೈಲ್ ನೋಡುತ್ತಾ ಗಾಡಿಯ ಕೀಲಿ ಎಲ್ಲೋ ಇಟ್ಟು ಆಮೇಲೆ ಹುಡುಕುತ್ತೀರಲ್ಲ, ಅದು ಮರೆವೇ ಅಲ್ಲ. ಆ ಸಂಗತಿ ನೆನಪಾಗಿ ದಾಖಲಾಗಿಯೇ ಇರಲಿಲ್ಲ. ಒಂದು ಹೊತ್ತಿಗೆ ನಮ್ಮ ಮನಸ್ಸಿನಲ್ಲಿ ಹಿಡಿದಿಡಬಹುದಾದ ಸಂಗತಿಗಳೇ ಬಹಳ ಕಡಿಮೆ. ಈಗಿನ ಅಂದಾಜಿನಂತೆ ಸುಮಾರು ನಾಲ್ಕು. ಅದಕ್ಕೇ ಓಟಿಪಿಯನ್ನು ಟೈಪ್ ಮಾಡುವ ಹೊತ್ತಿಗೆ ಯಾರಾದರೂ ಮಾತನಾಡಿಸಿದರೆ ಅಂಕಿ ಹಾರಿಹೋಗುತ್ತದೆ.

ಎರಡನೆಯದು ಗಟ್ಟಿಯಾಗುವುದು. ಇದರಲ್ಲಿ ನಿದ್ದೆಯ ಪಾತ್ರ ದೊಡ್ಡದು. ಹಗಲಿನಲ್ಲಿ ಹಿಪ್ಪೊಕ್ಯಾಂಪಸ್‌ನಲ್ಲಿ ಮೂಡಿದ ಚಟುವಟಿಕೆಯ ವಿನ್ಯಾಸಗಳು ಗಾಢ ನಿದ್ದೆಯಲ್ಲಿ ಮರುಕಳಿಸುತ್ತವೆ. ನೆನಪು ನಿಧಾನವಾಗಿ ಮೆದುಳಿನ ಹೊರಪದರದ ಬೇರೆ ಬೇರೆ ಭಾಗಗಳಲ್ಲಿ ನೆಲೆಯೂರುತ್ತದೆ. ನೋಡಿದ್ದು ಒಂದು ಕಡೆ, ಕೇಳಿದ್ದು ಇನ್ನೊಂದು ಕಡೆ, ಭಾವನೆ ಮತ್ತೊಂದು ಕಡೆ.

ಮೂರನೆಯದು ಹೊರಗೆ ತೆಗೆಯುವುದು. ಹರಡಿಕೊಂಡಿರುವ ಆ ತುಣುಕುಗಳನ್ನು ಒಂದು ಸುಳಿವಿನ ನೆರವಿನಿಂದ ಮೆದುಳು ಮತ್ತೆ ಜೋಡಿಸಬೇಕು. ಸುಳಿವು ಎಂದರೆ ಹಾಡು, ಜಾಗ, ವಾಸನೆ ಏನೂ ಆಗಬಹುದು. ಬ್ಯಾಡಗಿಯಲ್ಲಿ ಬೆಳೆದವರು ಎಷ್ಟೋ ವರ್ಷಗಳ ನಂತರ ಬೇರೆ ಊರಿನಲ್ಲಿ ಒಣಮೆಣಸಿನಕಾಯಿಯ ರಾಶಿಯ ಹತ್ತಿರ ಹಾದುಹೋದರೆ ಸೀಸನ್ನಿನ ಮಾರುಕಟ್ಟೆ, ಸೀನು, ಕೆಂಪು ರಾಶಿಗಳು ಒಮ್ಮೆಲೇ ಕಣ್ಣಮುಂದೆ ಬರಬಹುದು. ವಾಸನೆಯನ್ನು ಗ್ರಹಿಸುವ ನರಗಳಿಗೆ ಭಾವನೆಯ ಕೇಂದ್ರವಾದ ಅಮಿಗ್ಡಲಾದ ಜೊತೆ ತೀರಾ ನೇರವಾದ ಸಂಪರ್ಕವಿದೆ. ಹಿಪ್ಪೊಕ್ಯಾಂಪಸ್ ಅದರ ಪಕ್ಕದಲ್ಲೇ ಇದೆ.

ಕಟ್ಟುವಾಗ ಇಟ್ಟಿಗೆ ಬದಲಾಗುತ್ತದೆ

ತುಣುಕುಗಳನ್ನು ಪ್ರತಿಸಲ ಹೊಸದಾಗಿ ಜೋಡಿಸುವುದಾದರೆ, ಪ್ರತಿಸಲವೂ ಅದೇ ರೂಪ ಬರುತ್ತದೆಯೇ? ಇಲ್ಲ. ಸಿಗದ ತುಣುಕಿನ ಜಾಗಕ್ಕೆ ಮೆದುಳು ‘ಹೀಗೇ ಇದ್ದಿರಬೇಕು’ ಎಂದು ಬೇರೊಂದನ್ನು ಇಡುತ್ತದೆ. ನಮಗೆ ಅದು ಗೊತ್ತಾಗುವುದಿಲ್ಲ.

1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಒಂದು ಪ್ರಯೋಗ ಮಾಡಿದರು. ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಚಿಕ್ಕ ಫಿಲಂ ತೋರಿಸಿದರು. ಕೆಲವರಿಗೆ ‘ಕಾರುಗಳು ತಾಗಿದಾಗ ವೇಗ ಎಷ್ಟಿತ್ತು?’ ಎಂದು ಕೇಳಿದರು. ಇನ್ನು ಕೆಲವರಿಗೆ ‘ಕಾರುಗಳು ಅಪ್ಪಳಿಸಿದಾಗ ವೇಗ ಎಷ್ಟಿತ್ತು?’ ಎಂದರು. ಒಂದು ವಾರದ ನಂತರ ಅವರನ್ನೇ ಕರೆದು ‘ಒಡೆದ ಗಾಜು ನೋಡಿದಿರಾ?’ ಎಂದು ವಿಚಾರಿಸಿದರು. ‘ತಾಗಿದಾಗ’ ಎಂದು ಕೇಳಿದ್ದ 50 ಜನರಲ್ಲಿ 7 ಮಂದಿ ಹೌದೆಂದರು. ‘ಅಪ್ಪಳಿಸಿದಾಗ’ ಎಂದು ಕೇಳಿದ್ದ 50 ಜನರಲ್ಲಿ 16 ಮಂದಿ ಹೌದೆಂದರು. ಫಿಲಂನಲ್ಲಿ ಒಡೆದ ಗಾಜು ಇರಲೇ ಇಲ್ಲ. ಪ್ರಶ್ನೆಯ ಒಂದೇ ಒಂದು ಪದ ನೆನಪಿನೊಳಗೆ ಗಾಜು ಒಡೆದಿತ್ತು.

‘ಅದು ಸಣ್ಣ ವಿಷಯ. ಮನಸ್ಸಿಗೆ ನಾಟಿದ ಘಟನೆ ಹಾಗೆಲ್ಲ ಬದಲಾಗುವುದಿಲ್ಲ’ ಎಂದು ನೀವು ಹೇಳಬಹುದು. ಅದನ್ನೂ ಪರೀಕ್ಷಿಸಲಾಗಿದೆ. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಆಕಾಶದಲ್ಲಿ ಸಿಡಿಯಿತು. ಮರುದಿನವೇ ಮನೋವಿಜ್ಞಾನಿ ಉಲ್ರಿಕ್ ನೈಸರ್ ತಮ್ಮ ವಿದ್ಯಾರ್ಥಿಗಳಿಂದ ‘ಸುದ್ದಿ ತಿಳಿದಾಗ ಎಲ್ಲಿದ್ದಿರಿ, ಯಾರು ಹೇಳಿದರು’ ಎಂದು ಬರೆಸಿಕೊಂಡರು. ಸುಮಾರು ಎರಡೂವರೆ ವರ್ಷಗಳ ನಂತರ ಅವರಲ್ಲಿ 44 ಮಂದಿಗೆ ಅದೇ ಪ್ರಶ್ನೆ ಕೇಳಿದಾಗ ಕಾಲು ಭಾಗದಷ್ಟು ಜನರ ಉತ್ತರದಲ್ಲಿ ಮುಖ್ಯ ಅಂಶಗಳೆಲ್ಲವೂ ತಪ್ಪಾಗಿದ್ದವು. ಆದರೂ ಹಲವರಿಗೆ ತಮ್ಮ ನೆನಪಿನ ಮೇಲೆ ಬಲವಾದ ಭರವಸೆ ಇತ್ತು.

ನಮ್ಮಲ್ಲಿ ಇಂಥ ದಿನ ಎಂದರೆ 2021ರ ಅಕ್ಟೋಬರ್ 29, ಪುನೀತ್ ರಾಜ್‌ಕುಮಾರ್ ತೀರಿಕೊಂಡ ಶುಕ್ರವಾರ. ಸುದ್ದಿ ಬಂದಾಗ ಎಲ್ಲಿದ್ದಿರಿ, ಯಾರು ಹೇಳಿದರು ಎಂದು ಈಗ ಬರೆದಿಡಿ. ಆವತ್ತು ನಿಮ್ಮ ಜೊತೆಗಿದ್ದವರಿಗೂ ಬೇರೆಯಾಗಿ ಬರೆಯಲು ಹೇಳಿ. ಹಾನಗಲ್ ಕಡೆಯವರಿಗೆ ಇನ್ನೊಂದು ಗುರುತೂ ಇದೆ, ಮರುದಿನವೇ ಅಲ್ಲಿ ಉಪಚುನಾವಣೆಯ ಮತದಾನವಿತ್ತು. ಎರಡು ಚೀಟಿಗಳನ್ನು ಹೋಲಿಸಿದಾಗ ವ್ಯತ್ಯಾಸ ಕಂಡರೆ ಆಶ್ಚರ್ಯಪಡಬೇಡಿ. ದುಃಖ ನಿಜ. ಘಟನೆ ನಿಜ. ಸುತ್ತಲಿನ ವಿವರ ಮಾತ್ರ ಹೇಳಿ ಹೇಳಿ ಬದಲಾಗಿರುತ್ತದೆ.

ಇದು ಬರೀ ಕುತೂಹಲದ ವಿಷಯವಲ್ಲ. 2024ರ ಮಾರ್ಚ್ 11ರಂದು ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಬೆಲೆ ಕುಸಿಯಿತೆಂದು ಸಿಟ್ಟಿಗೆದ್ದವರು ಎಪಿಎಂಸಿ ಕಚೇರಿಯ ಮೇಲೆ ದಾಳಿ ಮಾಡಿದರು, ವಾಹನಗಳಿಗೆ ಬೆಂಕಿ ಹಚ್ಚಿದರು. ಅದರ ವಿಡಿಯೋಗಳು ಅಂದೇ ಮೊಬೈಲಿನಿಂದ ಮೊಬೈಲಿಗೆ ಹರಿದವು. ಅಲ್ಲಿದ್ದವರೂ ಅವನ್ನು ನೋಡಿದರು, ಇಲ್ಲದವರೂ ನೋಡಿದರು. ಇಂಥ ಸಂದರ್ಭದಲ್ಲಿ ತಾನು ಕಣ್ಣಾರೆ ಕಂಡದ್ದು ಯಾವುದು, ಮೊಬೈಲಿನಲ್ಲಿ ನೋಡಿದ್ದು ಯಾವುದು, ಪಕ್ಕದವರು ಹೇಳಿದ್ದು ಯಾವುದು ಎಂದು ವರ್ಷದ ನಂತರ ಬೇರ್ಪಡಿಸುವುದು ಯಾರಿಗೂ ಸುಲಭವಲ್ಲ. ಸುದ್ದಿಯ ವಿಷಯ ಉಳಿದು, ಅದು ಎಲ್ಲಿಂದ ಬಂತು ಎಂಬುದು ಅಳಿಸಿಹೋಗುತ್ತದೆ. ‘ಅವನೇ ಕಲ್ಲು ಹೊಡೆದದ್ದು, ನಾನು ನೋಡಿದೆ’ ಎಂಬ ಒಂದು ಮಾತಿಗೆ ಒಬ್ಬ ಮನುಷ್ಯ ಕೋರ್ಟು ಅಲೆಯಬೇಕಾಗಬಹುದು. ಹಾಗಾಗಿ ಯಾವ ಗಲಾಟೆ, ಅಪಘಾತಕ್ಕೇ ಆಗಲಿ, ಸಾಕ್ಷಿ ಹೇಳಬೇಕಾದವರು ವಿಡಿಯೋ ನೋಡುವ ಮೊದಲು, ಬೇರೆಯವರ ಜೊತೆ ಚರ್ಚಿಸುವ ಮೊದಲು ಕಂಡದ್ದನ್ನು ಬರೆದಿಡುವುದು ಒಳ್ಳೆಯದು.

‘ಎಲ್ಲೋ ಕೇಳಿದ್ದೇನೆ’ ಎಂದರೆ ನಿಜ ಎಂದಲ್ಲ

ನೆನಪಿನ ಈ ಗುಣವೇ ಫಾರ್ವರ್ಡ್‌ಗಳಿಗೆ ಬಂಡವಾಳ. 1977ರಲ್ಲಿ ಅಮೆರಿಕದ ಮೂವರು ಸಂಶೋಧಕರು ವಿದ್ಯಾರ್ಥಿಗಳಿಗೆ ಕೆಲವು ಹೇಳಿಕೆಗಳನ್ನು ಎರಡೆರಡು ವಾರಗಳ ಅಂತರದಲ್ಲಿ ಕೇಳಿಸಿದರು. ಕೆಲವು ಹೇಳಿಕೆ ನಿಜ, ಕೆಲವು ಸುಳ್ಳು. ಪದೇ ಪದೇ ಕೇಳಿಸಿದ ಹೇಳಿಕೆಗಳು, ಸುಳ್ಳಾಗಿದ್ದರೂ, ಹೊಸ ಹೇಳಿಕೆಗಳಿಗಿಂತ ಹೆಚ್ಚು ನಿಜ ಎನ್ನಿಸತೊಡಗಿದವು. ಆಮೇಲೆ ನಡೆದ ಅನೇಕ ಪ್ರಯೋಗಗಳೂ ಇದನ್ನೇ ಹೇಳಿವೆ. ಪರಿಚಿತವಾದದ್ದನ್ನು ಮೆದುಳು ಸಲೀಸಾಗಿ ಗ್ರಹಿಸುತ್ತದೆ. ಆ ಸಲೀಸನ್ನೇ ನಾವು ಸತ್ಯ ಎಂದು ತಿಳಿಯುತ್ತೇವೆ. ಒಂದೇ ಸುಳ್ಳು ಮನೆಯ ಗ್ರೂಪು, ಶಾಲೆಯ ಗ್ರೂಪು, ಸಂಘದ ಗ್ರೂಪು ಮೂರರಲ್ಲೂ ಬಂದರೆ ‘ಎಲ್ಲರೂ ಹೇಳ್ತಿದ್ದಾರೆ’ ಅನ್ನಿಸುವುದು ಇದಕ್ಕೇ.

ಭವಿಷ್ಯವಾಣಿಗಳ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ರಾಣೇಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ದಸರಾ ಹೊತ್ತಿಗೆ ನಡೆಯುವ ಕಾರ್ಣಿಕೋತ್ಸವ ನಿಮಗೆ ಗೊತ್ತೇ ಇದೆ. ಗೊರವಯ್ಯ ಬಿಲ್ಲನ್ನೇರಿ ಒಂದು ಸಾಲು ನುಡಿಯುತ್ತಾರೆ. ಸಾವಿರಾರು ಜನ ಉಸಿರು ಬಿಗಿಹಿಡಿದು ಕೇಳುತ್ತಾರೆ. ಆ ಸಾಲು ಸಾಮಾನ್ಯವಾಗಿ ಒಗಟಿನಂತಿರುತ್ತದೆ. ಮಳೆ-ಬೆಳೆಗೆ, ರಾಜಕೀಯಕ್ಕೆ ಅದನ್ನು ಹೊಂದಿಸಿ ಒಬ್ಬೊಬ್ಬರು ಒಂದೊಂದು ಅರ್ಥ ಹೇಳುತ್ತಾರೆ. ಅಷ್ಟೂ ಅರ್ಥಗಳು ಮೊಬೈಲಿನಲ್ಲಿ ಹರಿದಾಡುತ್ತವೆ. ನಂಬಿಕೆ ಭಕ್ತರಿಗೆ ಬಿಟ್ಟದ್ದು, ಅದರ ಬಗ್ಗೆ ಇಲ್ಲಿ ತಕರಾರಿಲ್ಲ. ಪ್ರಶ್ನೆ ನೆನಪಿನದು. ವರ್ಷ ಕಳೆದ ಮೇಲೆ ನಮಗೆ ನೆನಪಿರುವುದು ಗೊರವಯ್ಯ ನುಡಿದ ಸಾಲೋ, ಯಾರೋ ಬರೆದ ಅರ್ಥವೋ?

1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಚೀನಾ ಮತ್ತು ರಷ್ಯಾ ಪ್ರವಾಸಕ್ಕೆ ಹೊರಟಾಗ ಬರೂಕ್ ಫಿಶಾಫ್ ಮತ್ತು ರೂತ್ ಬೇಯ್ತ್ ಎಂಬ ಸಂಶೋಧಕರು ವಿದ್ಯಾರ್ಥಿಗಳಿಂದ ‘ಏನೇನು ಆಗಬಹುದು’ ಎಂದು ಅಂದಾಜು ಬರೆಸಿದ್ದರು. ಪ್ರವಾಸ ಮುಗಿದ ಮೇಲೆ ‘ಆಗ ನೀವು ಏನು ಬರೆದಿದ್ದಿರಿ, ನೆನಪಿಸಿಕೊಳ್ಳಿ’ ಎಂದರು. ನಿಜವಾಗಿ ನಡೆದ ಸಂಗತಿಗಳನ್ನು ತಾವು ಮೊದಲೇ ಹೆಚ್ಚು ಖಚಿತವಾಗಿ ಊಹಿಸಿದ್ದೆವು ಎಂದೇ ಬಹಳಷ್ಟು ಜನರಿಗೆ ನೆನಪಾಯಿತು. ಫಲಿತಾಂಶ ಗೊತ್ತಾದ ಕೂಡಲೇ ಹಳೆಯ ನೆನಪು ಅದಕ್ಕೆ ತಕ್ಕಂತೆ ಒಗ್ಗಿಕೊಳ್ಳುತ್ತದೆ. ‘ನಾನು ಆಗಲೇ ಹೇಳಿರಲಿಲ್ವಾ?’ ಎಂಬ ಮಾತು ಚುನಾವಣೆ, ಕ್ರಿಕೆಟ್, ಮೆಣಸಿನಕಾಯಿ ಬೆಲೆ ಎಲ್ಲದರ ನಂತರ ಕೇಳಿಬರುವುದಕ್ಕೆ ಇದೇ ಕಾರಣ. ಇದರಲ್ಲಿ ಯಾರೂ ಬೇಕೆಂದೇ ಸುಳ್ಳು ಹೇಳುತ್ತಿರುವುದಿಲ್ಲ.

ಪರೀಕ್ಷೆ ಬರೆಯುವ ಮಕ್ಕಳಿಗೆ: ಯಾವುದು ನಿಜ, ಯಾವುದು ಸುಳ್ಳು?

‘ಮೆದುಳಿನ ಶೇ 10 ಮಾತ್ರ ಬಳಕೆ’: ಸುಳ್ಳು. ಮೆದುಳಿನ ತೂಕ ದೇಹದ ತೂಕದ ಶೇ 2ರಷ್ಟು. ಆದರೆ ಅದು ವಿಶ್ರಾಂತಿಯಲ್ಲಿರುವ ದೇಹದ ಶಕ್ತಿಯಲ್ಲಿ ಸುಮಾರು ಶೇ 20ನ್ನು ಬಳಸುತ್ತದೆ. ಸ್ಕ್ಯಾನ್‌ಗಳಲ್ಲಿ ನಿದ್ದೆಯ ಹೊತ್ತಿನಲ್ಲೂ ಎಲ್ಲ ಭಾಗಗಳಲ್ಲಿ ಚಟುವಟಿಕೆ ಕಾಣುತ್ತದೆ. ಶೇ 90 ಖಾಲಿ ಇದ್ದಿದ್ದರೆ ಲಕ್ವ ಹೊಡೆದಾಗ ಬಹುತೇಕರಿಗೆ ಏನೂ ಆಗಬಾರದಿತ್ತು.

‘ಒಂದೆಲಗ, ಬ್ರಾಹ್ಮಿ, ಬಾದಾಮಿ ತಿಂದರೆ ಓದಿದ್ದು ಮರೆಯುವುದಿಲ್ಲ’: ಹಾಗೆ ಹೇಳಲು ಆಧಾರವಿಲ್ಲ. ನೀರುಬ್ರಾಹ್ಮಿಯ ಸಾರವನ್ನು ವಾರಗಟ್ಟಲೆ ಸೇವಿಸಿದವರಲ್ಲಿ ಅಲ್ಪ ಪರಿಣಾಮ ಕಂಡ ಕೆಲವು ಸಣ್ಣ ಅಧ್ಯಯನಗಳಿವೆ. ಒಂದೆಲಗ ಬೇರೆಯದೇ ಗಿಡ. ಅದರ ತಂಬುಳಿ, ಚಟ್ನಿ ಊಟಕ್ಕೆ ಒಳ್ಳೆಯದು, ತಿನ್ನಿ. ಆದರೆ ಪರೀಕ್ಷೆಯ ಹಿಂದಿನ ವಾರ ‘ಮೆಮೊರಿ ಪೌಡರ್’ ಡಬ್ಬಿಗೆ ದುಡ್ಡು ಸುರಿಯಬೇಡಿ. ಮಗುವಿಗೆ ರಕ್ತಹೀನತೆ ಇದ್ದರೆ ಅದನ್ನು ಸರಿಪಡಿಸುವುದು ಅದಕ್ಕಿಂತ ಮುಖ್ಯ.

‘ರಾತ್ರಿಯೆಲ್ಲ ಓದಿದರೆ ತಲೆಯಲ್ಲಿ ನಿಲ್ಲುತ್ತದೆ’: ಉಲ್ಟಾ. ನೆನಪು ಗಟ್ಟಿಯಾಗುವ ಕೆಲಸಕ್ಕೆ ನಿದ್ದೆಯೇ ಬೇಕು ಎಂದು ಮೇಲೆ ನೋಡಿದೆವು.

ಹಾಗಾದರೆ ಕೆಲಸ ಮಾಡುವುದು ಯಾವುದು? ಎರಡು ವಿಧಾನಗಳಿಗೆ ಗಟ್ಟಿ ಪುರಾವೆ ಇದೆ, ಎರಡಕ್ಕೂ ಕಾಸು ಖರ್ಚಿಲ್ಲ.

ಮೊದಲನೆಯದು ಪುಸ್ತಕ ಮುಚ್ಚಿ ನೆನೆಯುವುದು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಸಂಶೋಧಕರು ಒಂದು ಗುಂಪಿಗೆ ಪಾಠವನ್ನು ಮತ್ತೆ ಓದಲು ಹೇಳಿದರು, ಇನ್ನೊಂದು ಗುಂಪಿಗೆ ನೋಡದೆ ನೆನಪಿನಿಂದ ಬರೆಯಲು ಹೇಳಿದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರು ಮುಂದಿದ್ದರು. ವಾರದ ನಂತರ ಕೇಳಿದಾಗ ನೆನಪಿನಿಂದ ಬರೆದವರು ಮುಂದಿದ್ದರು. ಮತ್ತೆ ಮತ್ತೆ ಓದಿದರೆ ಪಾಠ ಪರಿಚಿತ ಅನ್ನಿಸುತ್ತದೆ. ಫಾರ್ವರ್ಡ್ ನಿಜ ಅನ್ನಿಸಿದಂತೆಯೇ ಅದೂ ಒಂದು ಭ್ರಮೆ. ಎರಡನೆಯದು ಬಿಡುವು ಕೊಟ್ಟು ಓದುವುದು. ಒಂದೇ ದಿನ ನಾಲ್ಕು ತಾಸಿನ ಬದಲು ನಾಲ್ಕು ದಿನ ಒಂದೊಂದು ತಾಸು. ಜರ್ಮನಿಯ ಎಬ್ಬಿಂಗ್‌ಹೌಸ್ ಇದನ್ನು ತನ್ನ ಮೇಲೇ ಪ್ರಯೋಗಿಸಿ 1885ರಲ್ಲೇ ಪ್ರಕಟಿಸಿದ್ದ.

‘ಅರವತ್ತಕ್ಕೆ ಅರಳು ಮರಳು’: ಈ ಗಾದೆ ಎಷ್ಟು ನಿಜ?

ಗಾದೆ ಹೇಳುವಂತೆ ಅರವತ್ತು ದಾಟಿದವರಿಗೆಲ್ಲ ಬುದ್ಧಿ ಕೆಡುವುದಿಲ್ಲ. ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ, ಭಾರತದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು ಜನರಿಗೆ ಡಿಮೆನ್ಶಿಯಾ ಅಂದರೆ ಮರೆಗುಳಿತನದ ಕಾಯಿಲೆ ಇದೆ. ಒಟ್ಟು ಸುಮಾರು 88 ಲಕ್ಷ ಮಂದಿ. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಗಳಲ್ಲಿ ಪ್ರಮಾಣ ಹೆಚ್ಚು.

ಈ ಅಂಕಿಯನ್ನು ಎರಡು ರೀತಿ ಓದಬೇಕು. ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಹಿರಿಯರಿಗೆ ಈ ಕಾಯಿಲೆ ಇಲ್ಲ. ಅವರನ್ನು ‘ಅರಳು ಮರಳು’ ಎಂದು ಮಾತಿನಿಂದ ಹೊರಗಿಡುವುದು ಅನ್ಯಾಯ. ಇನ್ನುಳಿದವರಿಗೆ ಇರುವುದು ಮುಪ್ಪಲ್ಲ, ಕಾಯಿಲೆ. ‘ವಯಸ್ಸಾಯ್ತು ಬಿಡು’ ಎಂದು ಬಿಟ್ಟರೆ ಅವರಿಗೆ ಸಿಗಬೇಕಾದ ಚಿಕಿತ್ಸೆ ಸಿಗುವುದಿಲ್ಲ.

ಸಾಮಾನ್ಯ ಮರೆವಿಗೂ ಕಾಯಿಲೆಗೂ ಇರುವ ವ್ಯತ್ಯಾಸ ಸ್ಥೂಲವಾಗಿ ಹೀಗಿದೆ:

• ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವುದು ಸಾಮಾನ್ಯ. ಕನ್ನಡಕವನ್ನು ಅಕ್ಕಿ ಡಬ್ಬಿಯಲ್ಲಿಟ್ಟು ‘ಸೊಸೆ ಕದ್ದಳು’ ಎಂದು ಪದೇ ಪದೇ ದೂರುವುದು ಎಚ್ಚರಿಕೆಯ ಗಂಟೆ.
• ಪರಿಚಯದವರ ಹೆಸರು ತಟ್ಟನೆ ಬಾರದೆ ಆಮೇಲೆ ನೆನಪಾಗುವುದು ಸಾಮಾನ್ಯ. ಅರ್ಧ ತಾಸಿನಲ್ಲಿ ಒಂದೇ ಪ್ರಶ್ನೆಯನ್ನು ಐದಾರು ಸಲ, ಕೇಳಿದ ನೆನಪೇ ಇಲ್ಲದೆ ಕೇಳುವುದು ಸಾಮಾನ್ಯವಲ್ಲ.
• ಹೊಸ ಊರಿನಲ್ಲಿ ದಾರಿ ತಪ್ಪುವುದು ಸಾಮಾನ್ಯ. ನಲವತ್ತು ವರ್ಷ ನಡೆದ ಹೊಲದ ದಾರಿ ತಪ್ಪುವುದು ಸಾಮಾನ್ಯವಲ್ಲ.
• ಲೆಕ್ಕದಲ್ಲಿ ಒಮ್ಮೆ ತಪ್ಪುವುದು ಸಾಮಾನ್ಯ. ಜೀವನವಿಡೀ ವ್ಯಾಪಾರ ಮಾಡಿದವರಿಗೆ ನೋಟು ಎಣಿಸುವುದೇ ತೊಡಕಾದರೆ ಗಮನಿಸಬೇಕು.

ಅಲ್ಜೈಮರ್ ಕಾಯಿಲೆಯಲ್ಲಿ ಹಾನಿ ಬಹುಮಟ್ಟಿಗೆ ಹಿಪ್ಪೊಕ್ಯಾಂಪಸ್ ಮತ್ತು ಅದರ ಸುತ್ತಲಿನಿಂದ ಶುರುವಾಗುತ್ತದೆ. ಹಾಗಾಗಿ ಅಜ್ಜನಿಗೆ ಐವತ್ತು ವರ್ಷದ ಹಿಂದಿನ ಜಾತ್ರೆ ಚೆನ್ನಾಗಿ ನೆನಪಿರುತ್ತದೆ, ಬೆಳಿಗ್ಗೆ ಮಾತ್ರೆ ತೆಗೆದುಕೊಂಡದ್ದು ನೆನಪಿರುವುದಿಲ್ಲ. ‘ಹಳೇದೆಲ್ಲ ಅಷ್ಟು ಚೆನ್ನಾಗಿ ಹೇಳ್ತಾನ, ಅವಗೇನಾಗೈತಿ?’ ಎಂದು ಮನೆಯವರು ನೆಮ್ಮದಿಯಾಗಿರುವುದು ಈ ಕಾರಣಕ್ಕೆ ತಪ್ಪು. ಅಷ್ಟರಲ್ಲಿ ಒಂದೇ ಮಾತ್ರೆಯನ್ನು ಎರಡು ಸಲ ನುಂಗುವುದು, ಗ್ಯಾಸ್ ಆರಿಸದೆ ಬಿಡುವುದು, ತಿಳಿಯದೆ ಆಸ್ತಿ ಪತ್ರಕ್ಕೆ ಹೆಬ್ಬೆಟ್ಟು ಒತ್ತುವುದು ಆಗಿಹೋಗಬಹುದು.

ಇನ್ನೊಂದು ಮುಖ್ಯ ವಿಷಯ. ಮರೆವಿನ ಎಲ್ಲ ಕಾರಣಗಳೂ ಗುಣವಾಗದಂಥವಲ್ಲ. ವಿಟಮಿನ್ ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ನಿದ್ದೆಯ ಸಮಸ್ಯೆ, ಕೆಲವು ಔಷಧಗಳು, ವಿಪರೀತ ಕುಡಿತ ಇವೂ ಮರೆವು ತರುತ್ತವೆ. ಇವುಗಳಲ್ಲಿ ಹಲವನ್ನು ರಕ್ತಪರೀಕ್ಷೆ ಮತ್ತು ವೈದ್ಯರ ತಪಾಸಣೆಯಿಂದ ಪತ್ತೆಹಚ್ಚಿ ಸರಿಪಡಿಸಬಹುದು. ಒಂದೆರಡು ದಿನಗಳಲ್ಲೇ ಹಠಾತ್ತನೆ ಗೊಂದಲ, ಬಡಬಡಿಕೆ ಶುರುವಾದರೆ ಅದು ಸೋಂಕು, ಸೋಡಿಯಂ ಕುಸಿತ, ಲಕ್ವದಂಥ ತುರ್ತು ಸ್ಥಿತಿ ಇರಬಹುದು. ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಡಿಮೆನ್ಶಿಯಾವನ್ನು ಪೂರ್ತಿ ಗುಣಪಡಿಸುವ ಔಷಧ ಇನ್ನೂ ಇಲ್ಲ. ಹಾಗೆ ಹೇಳಿಕೊಂಡು ಬರುವ ಯಾವ ಸಂದೇಶವನ್ನೂ ನಂಬಬೇಡಿ. ಆದರೆ 2024ರ ಲ್ಯಾನ್ಸೆಟ್ ಆಯೋಗದ ವರದಿಯ ಪ್ರಕಾರ, ಜೀವನದ ಬೇರೆ ಬೇರೆ ಹಂತಗಳಲ್ಲಿ 14 ಅಪಾಯಕಾರಿ ಅಂಶಗಳನ್ನು ನಿವಾರಿಸಿದರೆ ಸುಮಾರು ಶೇ 45ರಷ್ಟು ಪ್ರಕರಣಗಳನ್ನು ತಡೆಯಲು ಅಥವಾ ಮುಂದೂಡಲು ಸಾಧ್ಯವಿದೆ. ಬಿಪಿ, ಸಕ್ಕರೆ ಕಾಯಿಲೆ, ಧೂಮಪಾನ, ಕಿವಿ ಮಂದವಾಗುವುದು, ಕಣ್ಣು ಕಾಣದಿರುವುದು, ಒಂಟಿತನ, ಶಾಲೆ ಬಿಡುವುದು ಆ ಪಟ್ಟಿಯಲ್ಲಿವೆ. ಅಜ್ಜಿಯ ಕಣ್ಣಿನ ಪೊರೆಯ ಆಪರೇಷನ್, ಅಜ್ಜನ ಕಿವಿಯ ಮಷಿನ್, ಕಟ್ಟೆಯ ಮೇಲಿನ ಸಂಜೆಯ ಹರಟೆ ಇವೆಲ್ಲ ಮೆದುಳಿನ ಕಾಳಜಿಯೇ. ನಮ್ಮ ಹಳ್ಳಿಗಳಲ್ಲಿ ಇದು ಹೇಗೆ ಕಾಣಿಸಿಕೊಳ್ಳುತ್ತದೆ ಎಂದು ತಿಳಿಯಲು ಬೆಂಗಳೂರಿನ ಐಐಎಸ್‌ಸಿ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ 45 ದಾಟಿದವರನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನ ನಡೆಸುತ್ತಿದೆ.

ಮನೆಯಲ್ಲಿ ಯಾರಿಗಾದರೂ ಮೇಲಿನ ಲಕ್ಷಣಗಳಿದ್ದರೆ ಮೊದಲು ತಾಲ್ಲೂಕು ಆಸ್ಪತ್ರೆ ಅಥವಾ ಹಾವೇರಿ ಜಿಲ್ಲಾಸ್ಪತ್ರೆಗೆ ಹೋಗಿ. ಹೆಚ್ಚಿನ ತಪಾಸಣೆಗೆ ಹತ್ತಿರದಲ್ಲಿ ಧಾರವಾಡದ ಡಿಮ್ಹಾನ್ಸ್, ದೂರದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಇವೆ. ಮಾನಸಿಕ ಆರೋಗ್ಯದ ಸಲಹೆಗೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೂ ಮಾತನಾಡುತ್ತಾರೆ. ಹಿರಿಯ ನಾಗರಿಕರ ಸಹಾಯವಾಣಿ 14567.

ಫಾರ್ವರ್ಡ್ ಮಾಡುವ ಮುನ್ನ

ನೆನಪಿನ ಮೇಲೆ ನಂಬಿಕೆಯನ್ನೇ ಬಿಡಿ ಎಂದು ಇದರರ್ಥವಲ್ಲ. ದಿನನಿತ್ಯದ ಬದುಕಿಗೆ ಅದು ಸಾಕಷ್ಟು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಒಬ್ಬರ ಮಾನ, ದುಡ್ಡು, ಆರೋಗ್ಯ ಪಣಕ್ಕಿದ್ದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ: ಇದನ್ನು ನಾನೇ ನೋಡಿದೆನೋ, ಯಾರಾದರೂ ಹೇಳಿದರೋ? ಇದು ನಿಜ ಅನ್ನಿಸುತ್ತಿರುವುದು ಆಧಾರ ಇರುವುದಕ್ಕೋ, ಹತ್ತು ಸಲ ಬಂದಿರುವುದಕ್ಕೋ? ನನಗಿಂತ ಬೇರೆ ರೀತಿ ನೆನಪಿರುವವರು ಸುಳ್ಳು ಹೇಳುತ್ತಿದ್ದಾರೆಂದು ನಾನೇಕೆ ಅಂದುಕೊಳ್ಳಬೇಕು?

ಈ ಲೇಖನದಲ್ಲಿ ಒಂದೇ ಒಂದು ಭಾಗವನ್ನು ಫಾರ್ವರ್ಡ್ ಮಾಡುವುದಾದರೆ ಹಿರಿಯರ ಮರೆವಿನ ಭಾಗವನ್ನು ಮಾಡಿ. ‘ಅರಳು ಮರಳು’ ಎಂದು ಸುಮ್ಮನಾಗಿರುವ ಮನೆ ನಿಮ್ಮ ಗ್ರೂಪಿನಲ್ಲೇ ಒಂದಿರಬಹುದು.